ಸಾವನದುರ್ಗದ ಹೆಬ್ಬಂಡೆ

ಬೆಂಗಳೂರಿನಿಂದ ಮಾಗಡಿಯ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟವರಿಗೆ, ದೂರದಲ್ಲಿ ದಿಗಂತದ ಮೇಲೆ ಬೋಳುಬೋಳಾದ ಒಂದು ಬೃಹದಾಕಾರವು ಕಾಣಿಸಿಕೊಳ್ಳುತ್ತದೆ. ಮೊದಲ ನೋಟಕ್ಕೆ ಅದು ಬೆಟ್ಟವೋ ಮುಗಿಲೋ ಎಂದು ಭ್ರಮೆಯಾಗುವುದುಂಟು. ಹತ್ತಿರ ಹೋದಂತೆ, ಅದು ಮಣ್ಣು ಮರಗಳ ಹೊದಿಕೆಯಿಲ್ಲದ ಒಂದೇ ಹೆಬ್ಬಂಡೆ ಎಂಬುದು ತಿಳಿಯುತ್ತದೆ. ಇದೇ ಸಾವನದುರ್ಗ. ನಗರದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಈ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದಲ್ಲಿದೆ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳು ಇದಕ್ಕುಂಟು. ಅವೆರಡರ ನಡುವೆ ಆಳವಾದ ಕೊರಕಲು.

ರಜಾದಿನಗಳಲ್ಲಿ ಈ ಬೆಟ್ಟವನ್ನೇರಲು ನಗರದಿಂದ ಹೋಗುವವರು ಬಹು ಮಂದಿ. ನುಣುಪಾಗಿ ಇಳಿಜಾರಾಗಿ ಹಬ್ಬಿರುವ ಈ ಕಲ್ಲು ಏರಲು ಸುಲಭವೆಂಬಂತೆ ಅವರನ್ನು ಕರೆಯುತ್ತದೆ. ಆ ನುಣುಪೇ ಎಚ್ಚರ ತಪ್ಪಿದವರ ಪ್ರಾಣಕ್ಕೂ ಎರವಾಗುತ್ತದೆ. ಈ ಬಂಡೆ ಹೇಗೆ ಉಂಟಾಯಿತೆಂಬುದನ್ನು ತಿಳಿದವರಿಗೆ, ಅದರ ಮೇಲೆ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದೂ ತಿಳಿಯುತ್ತದೆ. ಶ್ರೋತೃಗಳ ಗಮನಕ್ಕೆ ನಾವು ಇಂದು ತರಬಯಸುವುದು ಈ ಒಂದು ಮಾತನ್ನೇ.

ಬೆಂಗಳೂರಿನ ನಿವಾಸಿಗಳೆಲ್ಲರೂ ಲಾಲ್‌ಬಾಗಿನ ಬಂಡೆಯನ್ನು ಬಲ್ಲರು. ಅದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಎಂಬ ಶಿಲೆ. ಸಾವನದುರ್ಗದ ಕಲ್ಲು ಅದಕ್ಕಿಂತ ಕಿರಿಯದು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಕಾಲದಲ್ಲಿ, ಹಳೆಯ ಶಿಲೆಗಳ ನಡುವೆ, ನೆಲದ ಆಳದಿಂದ ಕರಗಿದ ಶಿಲಾದ್ರವವು ನುಗ್ಗಿ ಬಂದು, ಅಲ್ಲಿಯೇ ನಿಧಾನವಾಗಿ ಆರಿ ಗಟ್ಟಿಯಾಯಿತು. ನಿಧಾನವಾಗಿ ಆರಿದುದರಿಂದಲೇ ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆದಿವೆ. ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿರುವ ಈ ಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಎಂಬುದು ಇಂದಿನ ರಾಮನಗರದ ಹಿಂದಿನ ಹೆಸರು.

ಆಳದಲ್ಲಿದ್ದ ಕಲ್ಲು ಮೇಲಕ್ಕೆ ಕಾಣಿಸಿಕೊಂಡ ಬಗೆ ಹೇಗೆ? ಕೋಟ್ಯಂತರ ವರ್ಷಗಳ ಮಳೆ ಗಾಳಿಗಳು ಅದರ ಮೇಲಿನ ನೆಲವನ್ನು ಸವೆಸಿ ಕೊಚ್ಚಿಕೊಂಡು ಹೋದವು. ಮೇಲಣ ಭಾರವು ಕಳೆದಾಗ, ಅದುವರೆಗೆ ಅದುಮಿಟ್ಟಿದ್ದ ಶಿಲೆ ಹೊರಮುಖವಾಗಿ ಹಿಗ್ಗಿತು. ಹಿಗ್ಗಿ, ತನ್ನ ಮೈಗೆ ಸಮಾನಾಂತರವಾಗಿ ಪದರ ಪದರವಾಗಿ ಬಿರುಕುಬಿಟ್ಟಿತು. ಈರುಳ್ಳಿಯ ಸಿಪ್ಪೆ ಸುಲಿದಂತೆ ಈ ಪದರಗಳು ಒಂದೊಂದಾಗಿ ಕಳಚಿಬೀಳುವುದರಿಂದಲೇ ಬೆಟ್ಟವು ಗುಮ್ಮಟದಂತೆ ದುಂಡಾಗಿದೆ. ಈ ಕಳಚುವಿಕೆ ಇಂದಿಗೂ ನಿಂತಿಲ್ಲ. ಹಗಲಿನ ಬಿಸಿಲು, ಇರುಳಿನ ತಂಪು, ಸಂದುಗಳಲ್ಲಿ ಇಳಿಯುವ ನೀರು, ಇವೆಲ್ಲ ಅದಕ್ಕೆ ನೆರವಾಗುತ್ತಿವೆ.

ನಮ್ಮ ನಾಡಿನ ಕಲ್ಲುಕುಟಿಗರಿಗೆ ಈ ಗುಟ್ಟು ಪುಸ್ತಕದ ನೆರವಿಲ್ಲದೆಯೇ ತಿಳಿದಿತ್ತು. ಅವರು ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹರಡಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಾ, ಸುತ್ತಿಗೆಯಿಂದ ಬಡಿದು ಅದರ ದನಿಯನ್ನು ಆಲಿಸುತ್ತಿದ್ದರು. ಗಟ್ಟಿಯಾದ ದನಿ ಬಂದರೆ ಕಲ್ಲು ತಾಯಿಬಂಡೆಗೆ ಅಂಟಿಕೊಂಡಿದೆ ಎಂದೂ, ಟೊಳ್ಳು ದನಿ ಬಂದರೆ ಪದರವು ಬಿಟ್ಟುಕೊಂಡಿದೆ ಎಂದೂ ಅವರು ಅರಿಯುತ್ತಿದ್ದರು. ವಿಶಾಲವಾದ ಚಪ್ಪಡಿಗಳು ಹೊರಬರುತ್ತಿದ್ದುದು ಹೀಗೆ. ಬೆಟ್ಟವನ್ನೇರುವವರಿಗೂ ಇದೇ ಪಾಠ ಸಲ್ಲುತ್ತದೆ. ಕಾಲಿಟ್ಟಲ್ಲಿ ಟೊಳ್ಳು ಸದ್ದು ಕೇಳಿದರೆ, ಅಲ್ಲಿನ ಹಲಗೆಗಲ್ಲು ಕಳಚುವ ಹಂತದಲ್ಲಿದೆಯೆಂದು ತಿಳಿದು ಪಕ್ಕಕ್ಕೆ ಸರಿಯಬೇಕು. ಅದರ ಅಂಚನ್ನು ಕೈಯಾಸರೆಗೆ ಎಂದಿಗೂ ನೆಚ್ಚಬಾರದು.

ಇನ್ನು ಬಂಡೆಯ ಬಣ್ಣವನ್ನು ಗಮನಿಸಬೇಕು. ಬೂದುಬಣ್ಣದ ಮೈಯ ಮೇಲೆ ನೆತ್ತಿಯಿಂದ ಬುಡದವರೆಗೆ ಕಪ್ಪು ಪಟ್ಟೆಗಳು ಇಳಿದಿರುವುದು ಕಾಣುತ್ತದೆ. ಅವು ಮಳೆನೀರು ಹರಿಯುವ ಜಾಡುಗಳು. ಅಲ್ಲಿ ಅತಿ ಸೂಕ್ಷ್ಮವಾದ ಜೀವಿಗಳು ಪಾಚಿಯಂತೆ ತೆಳ್ಳಗೆ ಹಬ್ಬಿ ಕಲ್ಲನ್ನು ಕಪ್ಪಾಗಿಸಿವೆ. ಬೇಸಗೆಯಲ್ಲಿ ಒಣಗಿ ನಿರ್ಜೀವದಂತಿರುವ ಈ ಲೇಪವು ನಾಲ್ಕು ಹನಿ ಬಿದ್ದೊಡನೆ ಉಬ್ಬಿ ಲೋಳೆಯಾಗುತ್ತದೆ. ಒಣಗಿದ ಬೂದುಗಲ್ಲಿನ ಹರಳುಗಳು ಅಂಗಾಲಿಗೆ ಒಳ್ಳೆಯ ಹಿಡಿತವನ್ನು ಕೊಡುವುವು. ನೆನೆದ ಕಪ್ಪು ಪಟ್ಟೆಯ ಮೇಲೆ ಎಂತಹ ಚತುರನಿಗೂ ನೆಲೆಯಿಲ್ಲ. ಏರುವುದಕ್ಕಿಂತ ಇಳಿಯುವುದು ಹೆಚ್ಚು ಅಪಾಯಕರವಾಗುವುದೂ ಇದರಿಂದಲೇ: ಬೆಳಿಗ್ಗೆ ಒಣಗಿದ್ದ ದಾರಿ ಮಧ್ಯಾಹ್ನದ ಒಂದು ಮಳೆಯಿಂದ ಮತ್ತೊಂದು ದಾರಿಯಾಗಿಬಿಡುತ್ತದೆ. ಆದಕಾರಣ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ಲೇಸು. ಮುಂಜಾನೆ ಹೊರಟು, ಕಲ್ಲು ಕಾಯುವ ಮೊದಲೇ ಇಳಿದುಬಿಡಬೇಕು. ಏಪ್ರಿಲ್ ಮೇ ತಿಂಗಳ ಗುಡುಗುಮಳೆಯಲ್ಲಿ ಬೋಳುನೆತ್ತಿಯ ಮೇಲೆ ನಿಲ್ಲುವುದು ಸಿಡಿಲಿಗೆ ತಲೆಯೊಡ್ಡಿದಂತೆ.

ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ದೇವಾಲಯಗಳಿವೆ. ಮೇಲಕ್ಕೆ ನಡೆದಂತೆ ಹಳೆಯ ಕೋಟೆಯ ಗೋಡೆಗಳು ಎದುರಾಗುತ್ತವೆ. ಮಾಗಡಿಯ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಈ ದುರ್ಗವು 1728ರಲ್ಲಿ ಮೈಸೂರಿಗೆ ಸೇರಿತು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯವು ಇದನ್ನು ಹಿಡಿದುಕೊಂಡಿತು. ಅಂದು ಓಡಿಹೋಗಲೆತ್ನಿಸಿದ ಕಾವಲಿನವರಲ್ಲಿ ಅನೇಕರು ಬಂಡೆಯ ಕಡಿದಾದ ಬದಿಗಳಿಂದ ಉರುಳಿ ಮಡಿದರು. ಶತ್ರುವನ್ನು ತಡೆಯಬೇಕಾಗಿದ್ದ ಕಲ್ಲು ತನ್ನವರನ್ನೂ ಉಳಿಸಲಿಲ್ಲ.

ನೆತ್ತಿಯಲ್ಲಿ ನಂದಿಯ ಮಂಟಪವಿದೆ. ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತ ದೊಣೆಗಳೂ, ಹಿಡಿಮಣ್ಣಿನಲ್ಲಿ ಬೇರೂರಿದ ಹುಲ್ಲು ಗಿಡಗಳೂ ಇವೆ. ಆ ಹಿಡಿಮಣ್ಣು ಕೂಡಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನೆನೆದು, ಅದನ್ನು ತುಳಿಯದೆ ನಡೆಯುವುದು ಉಚಿತ. ಏರಲಾರದವರು ನಿರಾಶರಾಗಬೇಕಿಲ್ಲ. ಬುಡದ ಕಾಡಿನ ಅಂಚಿನಲ್ಲಿ ನಡೆದು ಬಂಡೆಯನ್ನು ಬೇರೆ ಬೇರೆ ಕಡೆಗಳಿಂದ ನೋಡಿದರೆ, ಅದರ ಪದರಗಳೂ ಪಟ್ಟೆಗಳೂ ಮೇಲೆ ನಿಂತವರಿಗಿಂತ ಚೆನ್ನಾಗಿ ಕಾಣುವುವು. ಅರಣ್ಯ ಇಲಾಖೆಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಂಡು, ದಾರಿ ಬಲ್ಲ ಊರವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಮೇಲು.

ಬೆಂಗಳೂರಿನ ಸುತ್ತಮುತ್ತ ಎಷ್ಟೋ ಕಲ್ಲುಗುಡ್ಡಗಳು ನಮ್ಮ ಮನೆ ಬೀದಿಗಳಿಗಾಗಿ ಒಡೆದು ಕರಗಿಹೋಗಿವೆ. ಉಳಿದಿರುವ ಈ ಹೆಬ್ಬಂಡೆಯನ್ನು ನೋಡಲು ಹೋಗುವವರು ಅದರ ಮೈಮೇಲೆ ಹೆಸರು ಕೆತ್ತದೆ, ದೊಣೆಗಳಲ್ಲಿ ಕಸ ಚೆಲ್ಲದೆ, ಮೋಡ ಕವಿದೊಡನೆ ಅರ್ಧ ದಾರಿಯಿಂದಲಾದರೂ ಹಿಂದಿರುಗಬೇಕೆಂದು ನಾವು ಬೇಡಿಕೊಳ್ಳುತ್ತೇವೆ. ಬೆಟ್ಟವು ಮತ್ತೊಂದು ದಿನಕ್ಕೂ ಅಲ್ಲಿಯೇ ಇರುತ್ತದೆ.