ಅಟ್ಟದ ಮೇಲಿನ ಹಳೆಯ ಏರ್‌ಗನ್: ಗುಜರಿಗೆ ಹಾಕುವ ಮುನ್ನ

ಕಳೆದ ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಕಾರ್ಕಳದ ಬಳಿ ದೊಡ್ಡಪ್ಪನ ಹಳೆಯ ಮನೆಯನ್ನು ಕೆಡವುವುದೆಂದು ತೀರ್ಮಾನವಾಗಿ ಅಟ್ಟದ ಸಾಮಾನುಗಳನ್ನೆಲ್ಲ ಅಂಗಳಕ್ಕೆ ಇಳಿಸಿದ್ದರು. ಹಂಡೆ, ಹರಿವಾಣಗಳ ನಡುವೆ ಗೋಣಿಯಲ್ಲಿ ಸುತ್ತಿದ ಒಂದು ಏರ್‌ಗನ್ ಇತ್ತು. ಗುಜರಿಯವನು ಐನೂರು ರೂಪಾಯಿ ಎಂದ. ಅಣ್ಣನ ಮಗ ಮಾತ್ರ, "ಚಿಕ್ಕಪ್ಪ, ಕೊಡುವುದು ಬೇಡ. ಪೇಟೆಯ ಮೆಕ್ಯಾನಿಕ್ ನಳಿಗೆ ಕೊರೆದು .22 ಮಾಡಿಕೊಡುತ್ತಾನಂತೆ. ತೋಟಕ್ಕೆ ಬರುವ ಮಂಗಗಳಿಗೆ ಆಗುತ್ತದೆ" ಎಂದ. ದೊಡ್ಡಮ್ಮ ಏನೂ ಹೇಳದೆ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದರು.

ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ಬರುವ ಒಡವೆಯ ಮೊದಲ ಪರೀಕ್ಷೆ ಅದರ ಮುದ್ರೆ. ಇಲ್ಲಿಯೂ ಹಾಗೆಯೇ. ಒಂದರ ಮೇಲೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳ ಚಿಹ್ನೆಯಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಬಿಎಸ್ಎ. ಬಿಲ್ಲನ್ನು ಎಸೆದು ತಲೆಯ ಮೇಲೆ ಏರ್‌ಗನ್ ಎತ್ತಿ ಹಿಡಿದ ದೇವಿಯ ಚಿತ್ರವಿದ್ದರೆ ಅದು ಡಯಾನಾ. ಜರ್ಮನಿಯ ರಾಸ್ಟಾಟ್ ಪಟ್ಟಣದ ಈ ಕಂಪೆನಿ ಆರಂಭವಾದದ್ದು 1890ರಲ್ಲಿ. ಎರಡನೆಯ ಮಹಾಯುದ್ಧದ ಬಳಿಕ ಇದೇ ಹೆಸರಿನಲ್ಲಿ ಸ್ಕಾಟ್ಲೆಂಡಿನಲ್ಲೂ ಬಂದೂಕುಗಳು ತಯಾರಾದವು. ಆದ್ದರಿಂದ ಯಾವ ದೇಶದ್ದೆಂದು ಕೆತ್ತಿರುವುದನ್ನೂ ಓದಬೇಕು. ಯುದ್ಧಾನಂತರದ ಅನೇಕ ಜರ್ಮನ್ ಡಯಾನಾಗಳ ಸಿಲಿಂಡರಿನ ಹಿಂಬದಿಯಲ್ಲಿ ತಿಂಗಳು, ವರ್ಷ ಸಣ್ಣ ಅಂಕೆಗಳಲ್ಲಿರುತ್ತವೆ. ನಮ್ಮದು ನಳಿಗೆ ಮಡಚುವ ಡಯಾನಾ 27, .177 ಕ್ಯಾಲಿಬರ್, ಅಂದರೆ 4.5 ಮಿ.ಮೀ. .22 ಎಂದರೆ 5.5 ಮಿ.ಮೀ.

ಬೆಲೆ ನಿಲ್ಲುವುದು ಮೂಲ ಸ್ಥಿತಿಯ ಮೇಲೆ. ಒಳಗಿನ ಸ್ಪ್ರಿಂಗ್ ಮತ್ತು ಪಿಸ್ಟನ್ನಿನ ಚರ್ಮದ ವಾಷರ್ ಸವೆಯುವ ವಸ್ತುಗಳು, ಬದಲಿಸಿದರೆ ನಷ್ಟವಿಲ್ಲ. ಆದರೆ ಹಳೆಯ ಕಪ್ಪು-ನೀಲಿ ಬಣ್ಣವನ್ನು ಉಜ್ಜಿ ಹೊಳಪು ಕೊಟ್ಟರೆ, ಮರದ ಹಿಡಿಯನ್ನು ಕತ್ತರಿಸಿದರೆ, ಅಕ್ಷರಗಳು ಮಾಸಿದರೆ ಸಂಗ್ರಾಹಕರು ಹಿಂದೆ ಸರಿಯುತ್ತಾರೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದು ನೋಡುವುದೂ ಬೇಡ. ತಡೆಯಲು ಗಾಳಿಯಿಲ್ಲದೆ ಪಿಸ್ಟನ್ ಹೋಗಿ ತುದಿಗೆ ಬಡಿದು ಹಾಳಾಗುತ್ತದೆ.

ಇನ್ನು ಕ್ಯಾಲಿಬರ್ ಬದಲಾವಣೆ. ಒಂದೇ ಬಂದೂಕಿಗೆ ಬೇರೆ ಬೇರೆ ನಳಿಗೆ ಜೋಡಿಸುವ ವ್ಯವಸ್ಥೆ ವೆಬ್ಲಿಯ ಮಾರ್ಕ್ 2 ಸರ್ವಿಸ್ ಮಾದರಿಯಲ್ಲಿ 1930ರ ದಶಕದಲ್ಲೇ ಇತ್ತು. ಉಳಿದವುಗಳಲ್ಲಿ ಅದೇ ಮಾದರಿಯ ಕಾರ್ಖಾನೆಯ ನಳಿಗೆಯನ್ನೇ ಹಾಕಬೇಕು. ಕೊರೆದರೆ ಒಳಗಿನ ಸುರುಳಿ ಗೆರೆಗಳು ಹೋಗಿ ಗುರಿಯೂ ಬೆಲೆಯೂ ಹೋಗುತ್ತವೆ. ಅಷ್ಟಾದರೂ ಬಲ ಹೆಚ್ಚುವುದಿಲ್ಲ. ಸ್ಪ್ರಿಂಗ್ ಅದೇ ಆದ್ದರಿಂದ ಭಾರದ ಪೆಲೆಟ್ ನಿಧಾನವಾಗಿ ಹೋಗುತ್ತದೆ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ವಿಷಯ ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177ಕ್ಕಿಂತ ದೊಡ್ಡ ನಳಿಗೆಯ ಅಥವಾ 20 ಜೂಲ್ ಮೀರಿದ ಶಕ್ತಿಯ ಏರ್‌ಗನ್‌ಗೆ ಪರವಾನಗಿ ಬೇಕು. ಅಂದರೆ ಲೈಸೆನ್ಸ್ ಬೇಡದ ವಸ್ತುವನ್ನು ನಮ್ಮ ಹುಡುಗ ಸ್ವಂತ ದುಡ್ಡು ಕೊಟ್ಟು ಲೈಸೆನ್ಸ್ ಇಲ್ಲದ ಆಯುಧವನ್ನಾಗಿ ಮಾಡಿಸಲು ಹೊರಟಿದ್ದ! ಪೊಲೀಸ್ ಕೇಸಾದರೆ ಅವನ ನೌಕರಿಯ ಗತಿಯೇನು? ಕಾಡುಪ್ರಾಣಿಗೆ ಹೊಡೆದರೆ ಅದೇ ಬೇರೆ ಅಪರಾಧ. ಇದನ್ನೆಲ್ಲ ವಿವರಿಸಿದಾಗ ಅವನು ಮೆಕ್ಯಾನಿಕ್‌ಗೆ ಫೋನ್ ಮಾಡಿ ಬೇಡವೆಂದ.

"ಮಾರುವುದಾದರೆ ಐನೂರಕ್ಕೆ ಬೇಡ ದೊಡ್ಡಮ್ಮಾ, ತಿಳಿದವರಿಗೆ ತೋರಿಸೋಣ" ಎಂದೆ. "ಅವರು ಪ್ರತಿ ಭಾನುವಾರ ಅದಕ್ಕೆ ಎಣ್ಣೆ ಹಾಕುತ್ತಿದ್ದರು ಮಗಾ. ಹೊಸ ಮನೆಯಲ್ಲಿ ಒಂದು ಮೊಳೆ ಹೊಡೆಸಿಕೊಡು, ಸಾಕು" ಎಂದರು.

ನಮ್ಮಲ್ಲಿ ಅನೇಕರ ಊರಿನ ಮನೆಗಳು ಈಗ ಕೆಡವಿಸಿಕೊಳ್ಳುತ್ತಿವೆ. ಅಟ್ಟದಲ್ಲಿ ಇಂಥದ್ದು ಸಿಕ್ಕಿದರೆ ಮೊದಲು ಮುದ್ರೆ ಓದಿ, ನಳಿಗೆ ಅಳೆಯಿರಿ. .22 ಆಗಿದ್ದರೆ ತಡಮಾಡದೆ ಠಾಣೆಯಲ್ಲಿ ವಿಚಾರಿಸಿ. ಗುಜರಿಯವನನ್ನು ಕರೆಯುವುದು ಆಮೇಲೆ.