ಫ್ಯೂಸ್ ಹೋಗಿ ಹೊಸ ಪೆಟ್ಟಿಗೆ ಬಂತು, ಗೋಡೆಯ ವಯರು?

ಸಿದ್ಧಕಟ್ಟೆ: ಇಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯುವವರ ಬಾಯಲ್ಲಿ ಮಳೆಗಾಲದಲ್ಲಿ ಎರಡೇ ಸುದ್ದಿ. ಒಂದು ಅಡಿಕೆಯ ಕೊಳೆರೋಗ, ಇನ್ನೊಂದು ಕರೆಂಟು. "ನಿನ್ನೆ ರಾತ್ರಿ ನಿಮ್ಮಲ್ಲಿ ಇತ್ತಾ ಮಾರಾಯ್ರೆ?" ಎಂದರೆ ಸಾಕು, ಬಸ್ಸು ಬರುವ ತನಕ ಮಾತು ಮುಗಿಯುವುದಿಲ್ಲ. ಲೈನಿಗೆ ಮರ ಬಿದ್ದರೆ ಬೈಯಲಿಕ್ಕೆ ಮೆಸ್ಕಾಂ ಉಂಟು. (ಮೆಸ್ಕಾಂ ಆದದ್ದು 2002ರಲ್ಲಿ, ನಮ್ಮ ಹಿರಿಯರ ಬಾಯಿಗೆ ಅದು ಈಗಲೂ ಕೆ.ಇ.ಬಿ.ಯೇ.) ಆದರೆ ಮೀಟರಿನಿಂದ ಈಚೆಗಿನ ವಯರಿಗೆ ಯಾರನ್ನು ಬೈಯುವುದು? ಅದು ನಮ್ಮದೇ ಸೊತ್ತು.

ಪೇಟೆಯಿಂದ ತುಸು ಒಳಗೆ ಒಂದು ಹಂಚಿನ ಮನೆ. ಮುರಕಲ್ಲಿನ ಗೋಡೆ, ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ವಯರು, ಚಾವಡಿಯಲ್ಲಿ ಕಬ್ಬಿಣದ ಮೈನ್ ಸ್ವಿಚ್ಚು, ಪಕ್ಕದಲ್ಲಿ ಪಿಂಗಾಣಿಯ ಎರಡು ಫ್ಯೂಸು. ವಯರಿಂಗ್ ಆದ ಕಾಲಕ್ಕೆ ಮನೆಯಲ್ಲಿದ್ದದ್ದು ಐದಾರು ಬಲ್ಬು, ಒಂದು ರೇಡಿಯೋ. ಆಮೇಲೆ ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಾವಿಗೆ ಪಂಪು ಬಂತು. ಕಳೆದ ವರ್ಷ ಬಚ್ಚಲಿಗೆ ಗೀಸರೂ ಬಂತು. ಫ್ಯೂಸು ಹಾರತೊಡಗಿತು. ಯಜಮಾನರು ಒಂದೆಳೆ ಇದ್ದಲ್ಲಿ ಮೂರೆಳೆ ತಾಮ್ರದ ತಂತಿ ಕಟ್ಟಿದರು. ಹಾರುವುದು ನಿಂತಿತು!

ಕರಗಬೇಕಾದ ತಂತಿ ಕರಗದಿದ್ದರೆ ಆ ಬಿಸಿಯನ್ನು ಗೋಡೆಯ ವಯರು ತಿನ್ನಬೇಕು. ಲೆಕ್ಕ ಕಷ್ಟದ್ದಲ್ಲ. ವ್ಯಾಟನ್ನು 230ರಿಂದ ಭಾಗಿಸಿ. 2,000 ವ್ಯಾಟಿನ ಗೀಸರಿಗೆ ಸುಮಾರು 9 ಆಂಪಿಯರ್, 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ 4ಕ್ಕೂ ಮಿಕ್ಕಿ, 750 ವ್ಯಾಟಿನ ಮಿಕ್ಸಿಗೆ 3ಕ್ಕೂ ಮಿಕ್ಕಿ. ಪಂಪು ಹೊರಡುವಾಗ ಒಂದು ಕ್ಷಣ ಹಲವು ಪಟ್ಟು ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ವಯರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. 2023ರ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾಗಿರಬಹುದು, ವಯರಿನ ಮೇಲಿನ ಭಾರ ಸೊನ್ನೆಯಾಗಲಿಲ್ಲವಲ್ಲ!

ಈ ಬೇಸಿಗೆಯಲ್ಲಿ ಯಜಮಾನರು ಮನಸ್ಸು ಮಾಡಿದರು. ಆದರೆ ಅರ್ಧ ಮನಸ್ಸು. "ಪೆಟ್ಟಿಗೆ ಮಾತ್ರ ಹೊಸತು ಹಾಕು, ವಯರು ಮುಟ್ಟುವುದು ಬೇಡ. ಪೇಂಟು ಹಾಳಾಗ್ತದೆ" ಎಂದರು. ಹೊಸ ಪೆಟ್ಟಿಗೆ ಬಂತು, ಸಾಲಾಗಿ ಎಂ.ಸಿ.ಬಿ., ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಮಳೆ ಹಿಡಿದದ್ದೇ ತಡ, ದಿನಾ ಸಂಜೆ ಮನೆಯೆಲ್ಲ ಕತ್ತಲು. "ಈ ಪೆಟ್ಟಿಗೆಯೇ ಸರಿ ಇಲ್ಲ, ಆ ಒಂದನ್ನು ತೆಗೆದುಬಿಡುವಾ" ಎಂದು ಹೇಳಿಕಳಿಸಿದರು.

ವಯರಿಂಗಿನವರು ಬಂದರು, ತೆಗೆಯಲಿಲ್ಲ. "ಅಣ್ಣ, ಇದು ಸುಮ್ಮನೆ ಬೀಳುವುದಲ್ಲ. ಬಚ್ಚಲಲ್ಲಿ ಯಾರಿಗಾದರೂ ಶಾಕ್ ಹೊಡೆದಿತ್ತಾ?" ಎಂದು ಕೇಳಿದರು. ಒಳಗಿನಿಂದ ಅಮ್ಮನ ಸ್ವರ: "ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು ಮಗಾ. ವಾತ ಅಂತ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೆ."

ಹತ್ತು ತಿಂಗಳು ಆ ತಾಯಿ ವಾತವೆಂದುಕೊಂಡದ್ದು ಕರೆಂಟನ್ನು! ಅಟ್ಟದ ಮೇಲೆ ಹತ್ತಿ ನೋಡಿದರೆ ಬಚ್ಚಲಿಗೆ ಹೋದ ವಯರಿನ ಸಿಪ್ಪೆಯನ್ನು ಇಲಿ ತಿಂದಿತ್ತು. ಕೆಳಗೆ ಹಂಚು ಸೋರಿ ನೆನೆದ ಗೋಡೆ. ಅರ್ಥಿನ ತಂತಿ ತುಕ್ಕು ಹಿಡಿದ ಬೋಲ್ಟಿನ ಹತ್ತಿರ ತುಂಡಾಗಿತ್ತು.

ಇಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ. ಎಂ.ಸಿ.ಬಿ. ಕಾಯುವುದು ವಯರನ್ನು, ಮನುಷ್ಯರನ್ನಲ್ಲ. 16 ಆಂಪಿಯರಿನದ್ದಕ್ಕೆ ಮೈಯಲ್ಲಿ ಹರಿಯುವ ಅಲ್ಪ ಕರೆಂಟು ಲೆಕ್ಕಕ್ಕೇ ಇಲ್ಲ. ಜೀವ ಹೋಗಲಿಕ್ಕೆ ಆ ಅಲ್ಪವೇ ಸಾಕು. ಆರ್.ಸಿ.ಸಿ.ಬಿ.ಯ ಕೆಲಸ ಅಂಗಡಿಯ ಗಲ್ಲಾ ಲೆಕ್ಕದ ಹಾಗೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಪೂರ್ತಿ ಹಿಂದೆ ಬಂತೋ ಎಂದು ನೋಡುತ್ತದೆ. ನಡುವೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಹಳೆ ಮನೆಗಳಲ್ಲಿ ಒಂದು ಲೈನಿನ ನ್ಯೂಟ್ರಲನ್ನು ಇನ್ನೊಂದಕ್ಕೆ ಕೂಡಿಸಿದ್ದರೂ ಬೀಳುತ್ತದೆ. ಆಗ ಮಾಡಬೇಕಾದ್ದು ತಪ್ಪು ಹುಡುಕುವುದು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದೋ ನೋಡಬೇಕು.

ಈಗ ಆ ಮನೆಯಲ್ಲಿ ಹೊಸ ನಕ್ಷೆ ತಯಾರಾಗಿದೆ, ಸೀಮೆಸುಣ್ಣದಲ್ಲಿ, ಗೋಡೆಯ ಮೇಲೆಯೇ. ಬಚ್ಚಲಿನ ಗೋಡೆಗೆ ತಾಗದ, ಒಣಗಿದ ಕಡೆ ಪೆಟ್ಟಿಗೆ. ಅದರ ಮುಂದೆ ಅಡಿಕೆ ಗೋಣಿ ಇಡಬಾರದೆಂದು ತಾಕೀತು. ಅಟ್ಟದ ದಾರಿ ಬಿಟ್ಟು ಗೋಡೆಯ ಮೇಲೆ ಪೈಪಿನಲ್ಲಿ ವಯರು, ನೇರ ಮೇಲಿಂದ ಕೆಳಕ್ಕೆ ಅಥವಾ ನೇರ ಅಡ್ಡಕ್ಕೆ. ಓರೆಯಾಗಿ ಎಳೆದರೆ ನಾಳೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವವರಿಗೆ ಗೊತ್ತಾಗುವುದು ಹೇಗೆ? ಗೀಸರಿಗೆ 4 ಚದರ ಮಿಲಿಮೀಟರಿನ ಬೇರೆಯೇ ಲೈನು (ಹಳಬರ 'ಏಳು-ಇಪ್ಪತ್ತು'), ಪ್ಲಗ್ಗುಗಳಿಗೆ 2.5, ದೀಪಗಳಿಗೆ 1.5. ಪಂಪಿಗೆ ಪ್ರತ್ಯೇಕ. ದೀಪಗಳನ್ನು ಎರಡು ಲೈನು ಮಾಡಿದ್ದಾರೆ, ಒಂದು ಬಿದ್ದರೆ ಮನೆಯೆಲ್ಲ ಕತ್ತಲಾಗಬಾರದಲ್ಲ. ಇನ್ವರ್ಟರಿನ ವಯರಿಗೂ ಈಗಲೇ ಜಾಗ. ಅರ್ಥಿಂಗ್ ಗುಂಡಿ ಹೊಸತು. ನಮ್ಮ ಕೆಂಪು ಮಣ್ಣು ಏಪ್ರಿಲ್-ಮೇಯಲ್ಲಿ ಒಣಗಿ ಕಲ್ಲಾಗುವುದರಿಂದ ಆಗ ನೀರು ಹೊಯ್ಯಬೇಕು.

ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟೆಂದು ಅಚ್ಚಾಗಿರುತ್ತದೆ. ನೂರಕ್ಕೆ ಎಷ್ಟು ಮಂದಿ ಅದನ್ನು ನೋಡುತ್ತಾರೋ! ಉಪಯೋಗ ಅದಕ್ಕಿಂತ ಹೆಚ್ಚಾದರೆ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಬೇಕು. ಕೆಲಸ ಲೈಸೆನ್ಸ್ ಇದ್ದವರಿಂದಲೇ ಆಗಬೇಕು. ಮೀಟರಿನ ಸೀಲು ಮುಟ್ಟುವ ಅಧಿಕಾರ ನಮಗಿಲ್ಲ.

ಗೋಡೆ ಒಣಗಲಿ ಎಂದು ಕೆಲಸ ಮಳೆ ಕಳೆದ ಮೇಲೆ. ಅಲ್ಲಿಯ ತನಕ ಗೀಸರಿನ ವಯರನ್ನು ಕಳಚಿ ಇಟ್ಟಿದ್ದಾರೆ. ಅಮ್ಮನಿಗೆ ಬೇಸರವಿಲ್ಲ, ಹಂಡೆಗೆ ಮಡಲು ಉರಿಸಿ ಕಾಯಿಸಿದ ನೀರೇ ಮೈಗೆ ಹಿತ ಎನ್ನುತ್ತಾರೆ. ಕೈಯ ವಾತವೂ ಈಗ ಇಲ್ಲವಂತೆ.