ಕೌದಿಯ ಅಡಿಬಟ್ಟೆ

ಈ ವರ್ಷದ ರಾಜ್ಯೋತ್ಸವಕ್ಕಾಗಿ ನಮ್ಮ ಸಂಘದ ಮಕ್ಕಳಿಗೆ ಕೌದಿ ಹೊಲಿಯುವುದನ್ನು ಕಲಿಸಲು ಧಾರವಾಡದ ಕಡೆಯ ಹಿರಿಯರೊಬ್ಬರು ಸಾಗರವನ್ನು ದಾಟಿ ಬಂದಿರುವುದರಿಂದ, ಅವರ ಪಾಠಕ್ಕೆ ಪೀಠಿಕೆಯಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರು ಆಜ್ಞಾಪಿಸಿದ್ದಾರೆ. ಕೌದಿಯೆಂದರೇನೆಂಬುದನ್ನು ತಂದೆತಾಯಿಗಳು ಬಲ್ಲರು. ಉತ್ತರ ಕನ್ನಡದ ಸಿದ್ದಿ ಸ್ತ್ರೀಯರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುದನ್ನು ಕೆಲವರು ಕಂಡೂ ಇರಬಹುದು. ಅಲ್ಲಿ ಎಲ್ಲರ ದೃಷ್ಟಿಯೂ ಮೇಲಿನ ಬಣ್ಣದ ತುಂಡುಗಳ ಮೇಲೆಯೇ ನಿಂತಿತೆಂದು ನನ್ನ ಊಹೆ. ನಾನು ಮಕ್ಕಳಿಗೆ ಹೇಳಹೊರಟಿರುವುದು ಅಡಿಬಟ್ಟೆಯ ವಿಷಯ.

ಮೇಲಿನ ತುಂಡು ಸಾಲದೆ ಹೋದರೆ ಇನ್ನೊಂದನ್ನು ಹಚ್ಚಬಹುದು. ಅಡಿಬಟ್ಟೆ ಸಾಲದೆ ಹೋದರೆ ಕೌದಿಯನ್ನೇ ಕುಗ್ಗಿಸಬೇಕಾಗುತ್ತದೆ. ಅಂಚಿನಿಂದ ಮಧ್ಯದ ಕಡೆಗೆ ಸುತ್ತುಸುತ್ತಾಗಿ ಸಾಗುವ ಹೊಲಿಗೆ ಬಟ್ಟೆಯನ್ನು ಒಳಕ್ಕೆ ಸೆಳೆಯುವುದರಿಂದಲೂ, ಅಂಚನ್ನು ಮಡಿಸಬೇಕಾದುದರಿಂದಲೂ, ನಾಲ್ಕು ಕಡೆಯೂ ನಾಲ್ಕು ಬೆರಳು, ಎಂದರೆ 3 ಅಂಗುಲ, ಹೆಚ್ಚಿಗೆ ಬಿಡತಕ್ಕದ್ದು. ಮೊಳವೆಂದರೆ 18 ಅಂಗುಲವಷ್ಟೆ. ನಾಲ್ಕು ಮೊಳ ಅಗಲ, ಐದು ಮೊಳ ಉದ್ದದ ಕೌದಿ 72ಕ್ಕೆ 90 ಅಂಗುಲವಾದರೆ, ಅಡಿಬಟ್ಟೆ 78ಕ್ಕೆ 96 ಆಗಬೇಕು. ಅಡಿಬಟ್ಟೆಗೆ ಬಳಸುವ ಹಳೆಯ ಸೀರೆಯ ಪನ್ನ 45 ಅಂಗುಲವಾದರೆ ಒಂದು ಪಟ್ಟಿ ಸಾಲದು. ಎರಡನ್ನು ಜೋಡಿಸಿದರೆ, ಜೋಡಣೆಗೆ ಒಂದಂಗುಲ ಹೋಗಿ, 89 ದೊರೆಯುತ್ತದೆ. 96ರ ಎರಡು ಪಟ್ಟಿಗಳಿಗೆ 192 ಅಂಗುಲ ಬೇಕು. ಆರು ಗಜದ ಸೀರೆಯಲ್ಲಿರುವುದು 216. ಉಳಿದ 24 ಅಂಗುಲವನ್ನು ಲಾಭವೆಂದು ಭಾವಿಸಬೇಡಿರಿ. ಹಳೆಯ ಸೀರೆಯಲ್ಲಿ ಸವೆದ ಭಾಗವನ್ನು ತೆಗೆದುಹಾಕಲು ಅದೇ ಬೇಕಾಗುತ್ತದೆ. ತೊಟ್ಟಿಲಿನ ಕೌದಿ ಎರಡು ಮೊಳಕ್ಕೆ ಮೂರು ಮೊಳವಾದ್ದರಿಂದ ಒಂದೇ ಪಟ್ಟಿ ಸಾಕು.

ಇನ್ನು ಮರ್ಯಾದೆಯ ಮಾತು. ಸೀರೆಯನ್ನುಟ್ಟವರ ಅನುಮತಿಯಿಲ್ಲದೆ ಅದನ್ನು ಹರಿಯಕೂಡದು. ಒಗೆದು ಒಣಗಿಸಿದ ಮೇಲೆಯೇ ಅಳೆಯಬೇಕು. ಸೂಜಿಯನ್ನು ಕೈಯಿಂದ ಕೈಗೆ ಕೊಡದೆ, ಬಟ್ಟೆಯ ಮೇಲಿಟ್ಟು ಇನ್ನೊಬ್ಬರು ತೆಗೆದುಕೊಳ್ಳಲು ಬಿಡಬೇಕು; ದಾರವನ್ನು ಹಲ್ಲಿನಿಂದ ಕಡಿಯಬಾರದು. ಇವೆಲ್ಲ ಮೂಢಾಚಾರವೆಂದು ನಗುವ ಮಕ್ಕಳು, ಹಾಸಿದ ಕೌದಿಯಲ್ಲಿ ಕಳೆದುಹೋದ ಸೂಜಿ ಎಲ್ಲಿ ಸಿಕ್ಕುವುದೆಂಬುದನ್ನು ಒಮ್ಮೆ ಯೋಚಿಸಲಿ!

ನಾನು ಬೆಂಗಳೂರಿನ ಉತ್ತರಕ್ಕಿರುವ ಶೆಟ್ಟಿಹಳ್ಳಿಯವಳು. ಕೌದಿ ಹೊಲಿಯುವ ಹೆಂಗಸರು ಉತ್ತರ ಕರ್ನಾಟಕದಿಂದ ಬೇಸಗೆಯಲ್ಲಿ ಬಂದು, ಬೀದಿಬೀದಿಯಲ್ಲಿ ಕೂಗುತ್ತ, ನಮ್ಮ ಜಗಲಿಯಲ್ಲಿ ಕುಳಿತು ಹೊಲಿಯುತ್ತಿದ್ದಾಗ, ಅವರಲ್ಲೊಬ್ಬರನ್ನು ಅಕ್ಕ ಎಂದು ಕರೆದು ಈ ವಿದ್ಯೆಯನ್ನು ಕಲಿತೆನು. ಆಕೆಯ ಬಳಿ ಅಳತೆಪಟ್ಟಿಯೆಂಬುದಿರಲಿಲ್ಲ. ಗೇಣಿನಿಂದಲೇ ಅಳೆದು, ಕತ್ತರಿಯಿಲ್ಲದೆ ಎಳೆಯ ಗುಂಟ ಸೀರೆಯನ್ನು ಹರಿಯುತ್ತಿದ್ದಳು, ಗೆರೆ ಎಳೆದಷ್ಟು ನೇರವಾಗಿ. ಆ ಕೂಗು ಈಗ ಊರಿನಲ್ಲಿಯೇ ಅಪರೂಪವಾಗಿರುವಾಗ, ಹತ್ತಿಯ ಸೀರೆಯುಡುವವರೇ ವಿರಳವಾಗಿರುವಾಗ, ಅಂಗಡಿಯ ರಜಾಯಿ ಹೊದ್ದು ಬೆಳೆದ ನಮ್ಮ ಮಕ್ಕಳು ಮುಂದೆ ಯಾರಿಗೆ ಏನನ್ನು ಕಲಿಸುವರೋ ಎಂಬ ಚಿಂತೆಯನ್ನು ನಾನು ಬಚ್ಚಿಡಲಾರೆನು.

ತಂದೆತಾಯಿಗಳಲ್ಲಿ ಒಂದೇ ವಿಜ್ಞಾಪನೆ: ಮುಂದಿನ ಪಾಠಕ್ಕೆ ಬರುವಾಗ ಮಕ್ಕಳ ಕೈಯಲ್ಲಿ ಹೊಸ ಬಟ್ಟೆಯ ಬದಲು, ಒಗೆದ ಹಳೆಯ ಹತ್ತಿಯ ಸೀರೆಯೊಂದನ್ನು ಕೊಟ್ಟು ಕಳುಹಿಸಿರಿ, ಅಡಿಬಟ್ಟೆಯ ಲೆಕ್ಕವನ್ನು ಮಾತ್ರ ಅವರೇ ಮಾಡಲಿ.